ಹಿಮಾಲಯನ್ ಮೂತಿ ಎತ್ತಲು ಫ್ಲೋರ್ ಜ್ಯಾಕ್: ಕೊಂಡದ್ದು, ಮರದ ತುಂಡು ಕೆತ್ತಿದ್ದು, ಕೋನ್ ಸೆಟ್ ಹಾಕಿದ್ದು

ಗಾಡಿ 2017ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿ. ಓಡಾಟವೆಲ್ಲ ಚಿಕ್ಕಮಗಳೂರು ಸುತ್ತಮುತ್ತಲಿನ ತೋಟದ ದಾರಿಗಳಲ್ಲಿ. ಬೇಸಿಗೆಯಲ್ಲಿ ಜಲ್ಲಿ, ಮಳೆಗಾಲದಲ್ಲಿ ಕೆಸರು. ಇಂಥ ದಾರಿಯಲ್ಲಿ ದಿನಾ ಓಡುವ ಗಾಡಿಯ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದಲ್ಲಿರುವ ಬೇರಿಂಗ್ ಜೋಡಿ, ಸವೆಯದೆ ಇರುವುದಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಏಟು ಅಲ್ಲಿಗೇ ಹೋಗುತ್ತದೆ, ನೀರು ಇಳಿದರೆ ಗ್ರೀಸ್ ಕೊಚ್ಚಿ ತುಕ್ಕು ಹಿಡಿಯುತ್ತದೆ.

ನನ್ನ ಗಾಡಿಯಲ್ಲಿ ಹ್ಯಾಂಡಲ್ ನೇರಕ್ಕೆ ಬಂದಾಗ ಒಂದು ಗುಳಿಯೊಳಗೆ ಕೂತಂತೆ ನಿಲ್ಲತೊಡಗಿತ್ತು. ನಿಧಾನ ಹೋಗುವಾಗ ಗಾಡಿ ಸಣ್ಣಗೆ ಅತ್ತಿತ್ತ ಎಳೆಯುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ಟಕ್ ಎನ್ನುತ್ತಿತ್ತು. ಕೆಲಸ ಏನೆಂದು ಗೊತ್ತಿತ್ತು. ಆದರೆ ಕೋನ್ ಸೆಟ್ ಬಿಚ್ಚಬೇಕಾದರೆ ಮುಂದಿನ ಚಕ್ರ, ಅದನ್ನು ಹಿಡಿದಿರುವ ಎರಡೂ ಫೋರ್ಕ್ ಕಾಲು, ಫೋರ್ಕ್ ಹಿಡಿದಿರುವ ಕೆಳಗಿನ ಕ್ಲಾಂಪ್ ಎಲ್ಲಾ ಹೊರಗೆ ಬರಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಈ ಗಾಡಿಯಲ್ಲಿ ಮೇಲೇಳುವುದು ಹಿಂದಿನ ಚಕ್ರ. ಮೂತಿ ನೆಲದಲ್ಲೇ ಇರುತ್ತದೆ.

ಇದಕ್ಕೆ ನಮ್ಮ ಕಡೆ ಗ್ಯಾರೇಜುಗಳಲ್ಲಿ ಇರುವ ಉಪಾಯ ಎಂದರೆ ಇಬ್ಬರು ಹುಡುಗರು ಹಿಂದೆ ಅದುಮಿ ಹಿಡಿಯುವುದು, ಮತ್ತೊಬ್ಬ ಇಂಜಿನ್ ಕೆಳಗೆ ಇಟ್ಟಿಗೆಯೋ ಹಾಲೋ ಬ್ಲಾಕೋ ತಳ್ಳುವುದು. ಹತ್ತು ನಿಮಿಷದ ಪಂಕ್ಚರ್ ಕೆಲಸಕ್ಕೆ ಹೇಗೋ ನಡೆಯುತ್ತದೆ. ಆದರೆ ಫೋರ್ಕ್ ಬಿಚ್ಚಿಟ್ಟ ಗಾಡಿ ಇಡೀ ದಿನ ಹಾಗೇ ನಿಂತಿರಬೇಕು. ಬೇರಿಂಗ್ ಕೂರುವ ಕಬ್ಬಿಣದ ಬಳೆಯನ್ನು, ಅಂದರೆ ರೇಸನ್ನು, ಹೊಡೆದು ತೆಗೆಯುವಾಗ ಸುತ್ತಿಗೆ ಏಟು ಬೇರೆ ಬೀಳುತ್ತದೆ. ಹಾಲೋ ಬ್ಲಾಕ್ ಬಿರುಕು ಬಿಟ್ಟು ಮುನ್ಸೂಚನೆ ಕೊಡುವ ವಸ್ತುವಲ್ಲ, ಒಮ್ಮೆಲೇ ಪುಡಿಯಾಗುತ್ತದೆ. 190 ಕೆಜಿ ದಾಟುವ ಗಾಡಿಯ ಕೆಳಗೆ ಕೈ ಹಾಕಿ ಕೂತವರು ಅದನ್ನು ನಂಬಬಾರದು. ಹಾಗಾಗಿ ಜ್ಯಾಕ್ ಕೊಳ್ಳುವುದೇ ಸರಿ ಅಂತ ತೀರ್ಮಾನಿಸಿದೆ.

ಯಾವ ಜ್ಯಾಕ್ ಅನ್ನುವುದು ಮುಂದಿನ ಪ್ರಶ್ನೆ. ಕಾರಿನ ಡಿಕ್ಕಿಯಲ್ಲಿ ಸಿಗುವ ಸ್ಕ್ರೂ ಜ್ಯಾಕಿಗೆ ಒಂದು ದೊಡ್ಡ ಗುಣ ಇದೆ: ಅದರಲ್ಲಿ ಎಣ್ಣೆ ಇಲ್ಲ, ಸೋರುವುದಿಲ್ಲ, ಬಿಟ್ಟಲ್ಲಿ ನಿಲ್ಲುತ್ತದೆ. ಆದರೆ ತಳ ಚಿಕ್ಕದು, ತಲೆ ಅದಕ್ಕಿಂತ ಚಿಕ್ಕದು. ಪಕ್ಕಕ್ಕೆ ಸ್ವಲ್ಪ ತಳ್ಳಿದರೂ ಓಲಾಡುತ್ತದೆ. ಲಾರಿಯವರ ಬಾಟಲ್ ಜ್ಯಾಕ್ ಇನ್ನೂ ಕಷ್ಟ. ನಿಂತ ಎತ್ತರವೇ ಜಾಸ್ತಿ, ತಲೆ ಒಂದು ನಾಣ್ಯದಷ್ಟು ಅಗಲ. ಅದರ ಮೇಲೆ ಬೈಕ್ ಕೂರಿಸುವ ಮಾತೇ ಬೇಡ. ಬೈಕಿಗೆಂದೇ ಬರುವ ಸಿಸರ್ ಲಿಫ್ಟ್ ಒಳ್ಳೆಯದು. ಅಗಲ ತಟ್ಟೆ, ಮೇಲೆ ರಬ್ಬರ್, ಸ್ಪ್ಯಾನರಿನಲ್ಲಿ ತಿರುಗಿಸಿದರೆ ಏಳುತ್ತದೆ. ಬೈಕ್ ಕೆಲಸ ಮಾತ್ರ ಮಾಡುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಬಹುದು. ನನ್ನ ಮನೆಯಲ್ಲಿ ಒಂದು ಹಳೇ ಕಾರೂ ಇದೆ, ಅದರ ಚಕ್ರ ಬಿಚ್ಚುವ ಕೆಲಸವೂ ಇರುತ್ತದೆ. ಎರಡಕ್ಕೂ ಆಗುವುದು ಚಕ್ರದ ಮೇಲೆ ಉರುಳುವ ಫ್ಲೋರ್ ಜ್ಯಾಕ್. ಅಂಗಡಿಯವರ ಬಾಯಲ್ಲಿ ಟ್ರಾಲಿ ಜ್ಯಾಕ್.

ಬೆಂಗಳೂರಿಗೆ ಹೋದಾಗ ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಎಲ್ಲರೂ ಮೊದಲು ಹೇಳುವುದು ಟನ್ ಲೆಕ್ಕ. 'ಸಾರ್, 3 ಟನ್ ತಗೊಳ್ಳಿ, ಗಟ್ಟಿ' ಅಂತ. ಬೈಕಿಗೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಸೆಂಟರ್ ಸ್ಟ್ಯಾಂಡ್ ಮೇಲಿರುವ ಗಾಡಿಯ ಮೂತಿ ಎತ್ತುವಾಗ ಹೆಚ್ಚಿನ ಭಾರವನ್ನು ಸ್ಟ್ಯಾಂಡೇ ಹೊತ್ತಿರುತ್ತದೆ. ಜ್ಯಾಕಿಗೆ ಬರುವುದು ಗಾಡಿಯ ತೂಕದ ಅರ್ಧಕ್ಕಿಂತ ಕಮ್ಮಿ. 2 ಟನ್ ಬೇಕಾದಷ್ಟಾಯಿತು. ದೊಡ್ಡ ಜ್ಯಾಕ್ ಮನೆಯೊಳಗೆ ಎಳೆದಾಡಲು ಭಾರ, ಇಡಲು ಜಾಗ ದಂಡ.

ನೋಡಬೇಕಾದದ್ದು ಬೇರೆ ಇದೆ. ಮೊದಲನೆಯದು, ಪೂರ್ತಿ ಇಳಿದಾಗಿನ ಎತ್ತರ. ಸಾಮಾನ್ಯ 2 ಟನ್ ಜ್ಯಾಕ್ 135 ಎಂಎಂ ಆಸುಪಾಸು ಇರುತ್ತದೆ, ಲೋ ಪ್ರೊಫೈಲ್ ಎನ್ನುವವು 85-90 ಎಂಎಂ. ಹಿಮಾಲಯನ್ ಗ್ರೌಂಡ್ ಕ್ಲಿಯರೆನ್ಸ್ 220 ಎಂಎಂ. 135ರ ಜ್ಯಾಕ್ ಮೇಲೆ 50 ಎಂಎಂ ಮರದ ತುಂಡು ಇಟ್ಟರೂ 185. ಆರಾಮಾಗಿ ಒಳಗೆ ಹೋಗುತ್ತದೆ. ತಗ್ಗಿನ ಗಾಡಿ ಇರುವವರಿಗೆ ಈ ಲೆಕ್ಕ ಕೈ ಕೊಡುತ್ತದೆ, ಅವರು ಟೇಪ್ ಹಿಡಿದು ಅಳೆದೇ ಅಂಗಡಿಗೆ ಹೋಗಬೇಕು. ಎರಡನೆಯದು ತಟ್ಟೆ. ಅಂದರೆ ಭಾರ ಕೂರುವ ಗುಂಡನೆಯ ಬಟ್ಟಲು. ಅದು ಅಗಲ ಇರಬೇಕು, ಕೈಯಲ್ಲಿ ತಿರುಗಬೇಕು. ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಇಳಿಸುವ ವಾಲ್ವ್. ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕೂದಲೆಳೆಯಷ್ಟೇ ಇಳಿಯಬೇಕು. ಕೆಲವು ಜ್ಯಾಕುಗಳಲ್ಲಿ ಹಿಡಿಯ ಜೋಡಣೆ ಲೊಡಲೊಡ. ತಿರುಗಿಸಿದಾಗ ಮೊದಲು ಏನೂ ಆಗದೆ, ಆಮೇಲೆ ಒಮ್ಮೆಲೇ ವಾಲ್ವ್ ತೆರೆಯುತ್ತದೆ. ಅಂಥದ್ದು ಬೇಡ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಜ್ಯಾಕನ್ನು ಅರ್ಧ ಎತ್ತರಕ್ಕೆ ಎತ್ತಿ, ಏನಾದರೂ ಹಿಡಿದುಕೊಂಡು ತಟ್ಟೆಯ ಮೇಲೆ ಒಂದು ಕಾಲಿಟ್ಟು ಪೂರ್ತಿ ಭಾರ ಹಾಕಿ. ಪಕ್ಕದಲ್ಲಿ ಒಂದು ಡಬ್ಬ ಇಟ್ಟು ತಟ್ಟೆಯ ಅಂಚು ಎಲ್ಲಿಗೆ ಬರುತ್ತದೆ ನೋಡಿಕೊಳ್ಳಿ. ಎರಡು ನಿಮಿಷ ಬಿಟ್ಟು ನೋಡಿದರೂ ಅಲ್ಲೇ ಇರಬೇಕು. ಕುಗ್ಗುತ್ತಿದ್ದರೆ ಒಳಗಿನ ಸೀಲೋ ವಾಲ್ವೋ ಸರಿ ಇಲ್ಲ. ಹಾಗೇ ಸಿಲಿಂಡರ್ ಬುಡದಲ್ಲಿ ಬೆರಳಾಡಿಸಿ. ಎಣ್ಣೆ ಅಂಟಿದರೆ ಆ ಪೀಸ್ ವಾಪಸ್ ಕೊಟ್ಟು ಬೇರೆ ಕೇಳಿ. ನಾನು ತೆಗೆದುಕೊಂಡದ್ದು 2 ಟನ್‌ನದು, ಕಾರಿನಲ್ಲಿ ಊರಿಗೆ ತಂದೆ.

ದಾರಿಯುದ್ದಕ್ಕೂ ಪಕ್ಕಕ್ಕೆ ಮಲಗಿಸಿದ್ದರಿಂದ ಪಂಪಿನೊಳಗೆ ಗಾಳಿ ಸೇರಿತ್ತು. ಹಿಡಿ ಒತ್ತಿದರೆ ಮೆತ್ತಗೆ, ಮೊದಲ ನಾಲ್ಕೈದು ಒತ್ತಿಗೆ ಏಳುವುದೇ ಇಲ್ಲ. ಹೊಸ ಜ್ಯಾಕಿನಲ್ಲಿ ಇದು ಮಾಮೂಲಿ, ಹೆದರಬೇಕಾಗಿಲ್ಲ. ವಾಲ್ವ್ ತೆರೆದಿಟ್ಟು ಹಿಡಿಯನ್ನು ಹತ್ತು ಹದಿನೈದು ಸಲ ಪೂರ್ತಿ ಒತ್ತಿದೆ. ಆಮೇಲೆ ವಾಲ್ವ್ ಮುಚ್ಚಿ ಎತ್ತಿದರೆ ಮೊದಲ ಒತ್ತಿಗೇ ತಟ್ಟೆ ಎದ್ದಿತು. ಎಣ್ಣೆ ಕಮ್ಮಿ ಇದ್ದರೆ ಜ್ಯಾಕ್ ಪೂರ್ತಿ ಇಳಿಸಿ, ರಬ್ಬರ್ ಬಿರಡೆ ತೆಗೆದು, ಹೈಡ್ರಾಲಿಕ್ ಜ್ಯಾಕ್ ಆಯಿಲ್ ಹಾಕಬೇಕು. ಬ್ರೇಕ್ ಆಯಿಲ್ ಹಾಕಲೇಬಾರದು, ಜ್ಯಾಕಿನ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಈಗ ಮರದ ತುಂಡಿನ ವಿಷಯ. ಇದಕ್ಕೆ ನಾನು ಜ್ಯಾಕ್ ಆರಿಸಿದ್ದಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ, ಕೊಡಬೇಕು ಕೂಡ. ಹಿಮಾಲಯನ್ ಚಾಸಿಸ್‌ನಲ್ಲಿ ಮುಂದಿನಿಂದ ಇಳಿಯುವ ಪೈಪು ಎರಡಾಗಿ ಸೀಳಿ ಇಂಜಿನ್ ಕೆಳಗೆ ಹಾದು ಹೋಗುತ್ತದೆ. ಕೆಳಗಿನ ಬ್ಯಾಶ್ ಪ್ಲೇಟ್ (ಕಲ್ಲೇಟಿನಿಂದ ಇಂಜಿನ್ ಕಾಯುವ ತಗಡು) ಬಿಚ್ಚಿದರೆ ಆ ಎರಡು ಪೈಪು ಕಾಣುತ್ತವೆ. ಭಾರ ಅವುಗಳ ಮೇಲೇ ಬೀಳಬೇಕು. ನಡುವೆ ಇರುವ ಇಂಜಿನ್ ತಳಕ್ಕಾಗಲಿ ಆಯಿಲ್ ಬೋಲ್ಟಿಗಾಗಲಿ ತಾಗಬಾರದು. ಜ್ಯಾಕಿನ ತಟ್ಟೆ ಎರಡೂ ಪೈಪನ್ನು ಒಟ್ಟಿಗೆ ಹಿಡಿಯುವಷ್ಟು ಅಗಲ ಇಲ್ಲ. ಬರೀ ತಟ್ಟೆ ಕೊಟ್ಟರೆ ಒಂದು ಪೈಪ್ ಹಿಡಿದು ಗಾಡಿ ವಾಲುತ್ತದೆ.

ಬಡಗಿ ಹತ್ತಿರ ಹೊನ್ನೆ ಮರದ ಚೂರು ಸಿಕ್ಕಿತು. ಸುಮಾರು ಒಂದಡಿ ಉದ್ದ, ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪ. ಮರದ ನಾರು ಉದ್ದಕ್ಕೆ ಓಡುವಂತೆ, ಅಂದರೆ ಒಂದು ಪೈಪಿನಿಂದ ಇನ್ನೊಂದು ಪೈಪಿನ ಕಡೆಗೆ ಇರುವಂತೆ ನೋಡಿಕೊಂಡೆ. ನಾರು ಅಡ್ಡ ಇದ್ದರೆ ನಡುವೆ ಭಾರ ಬಿದ್ದಾಗ ತುಂಡು ಸೀಳಿ ಹೋಗುತ್ತದೆ. ಪೈಪುಗಳ ನಡುವಿನ ಅಂತರ ಅಳೆದು ಮೇಲ್ಭಾಗದಲ್ಲಿ ಎರಡು ಗುರುತು ಹಾಕಿದೆ. ಅರ್ಧಚಂದ್ರಾಕಾರದ ಎರಡು ತಗ್ಗುಗಳನ್ನು ಉಳಿಯಲ್ಲಿ ಕೆತ್ತಿ, ಗುಂಡು ಅರದಲ್ಲಿ ಉಜ್ಜಿದೆ. ಪೈಪು ಅದರೊಳಗೆ ಕೂತರೆ ಅತ್ತಿತ್ತ ಜಾರುವುದಿಲ್ಲ. ಮೇಲೆ ಹಳೇ ಟ್ಯೂಬಿನ ರಬ್ಬರ್ ಅಂಟಿಸಿದೆ, ಪೇಂಟ್ ಉಳಿಯಲಿ ಅಂತ.

ತುಂಡಿನ ಕೆಳಭಾಗವನ್ನು ಹೆಚ್ಚಿನವರು ಮರೆಯುತ್ತಾರೆ. ಮೇಲೆ ಪೈಪ್ ಜಾರದಿದ್ದರೂ ಕೆಳಗೆ ಮರ ಕಬ್ಬಿಣದ ತಟ್ಟೆಯ ಮೇಲೆ ಜಾರಬಹುದು. ತುಂಡನ್ನು ತಲೆಕೆಳಗು ಮಾಡಿ, ತಟ್ಟೆಯನ್ನು ಸರಿಯಾಗಿ ನಡುವೆ ಇಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದೆ. ಆ ಗೆರೆಗೆ ಅಂಟಿಕೊಂಡಂತೆ ಎರಡು ಬದಿಗೆ ಸಣ್ಣ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದೆ. ಈಗ ತಟ್ಟೆ ಅದರೊಳಗೆ ಸಿಕ್ಕಿಕೊಂಡು ಕೂರುತ್ತದೆ. ತುಂಡನ್ನು ಕೈಯಲ್ಲಿ ಅಲ್ಲಾಡಿಸಿದರೆ ಜ್ಯಾಕೇ ಅಲ್ಲಾಡುತ್ತದೆ, ಹಾಗಿರಬೇಕು.

ಬೇರೆ ಗಾಡಿ ಇರುವವರು ಮೊದಲು ಕೆಳಗೆ ಬಗ್ಗಿ ನೋಡಿ. ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್ ಇಂಜಿನ್) ಇರುವ ಹಳೇ ಕ್ಲಾಸಿಕ್ 350ರಲ್ಲಿ ಇಂಜಿನ್ ಕೆಳಗೆ ಪೈಪೇ ಇಲ್ಲ, ಇಂಜಿನ್ನೇ ಚಾಸಿಸ್‌ನ ಭಾಗ. ಅಲ್ಲಿ ಕ್ರ್ಯಾಂಕ್‌ಕೇಸಿನ, ಅಂದರೆ ಇಂಜಿನ್ ತಳದ ಲೋಹದ ಪೆಟ್ಟಿಗೆಯ, ಚಪ್ಪಟೆ ಜಾಗಕ್ಕೆ ಅಗಲವಾದ ಹಲಗೆ ಕೊಟ್ಟು, ಭಾರ ಒಂದೇ ಕಡೆ ಬೀಳದಂತೆ ನೋಡಿಕೊಳ್ಳಬೇಕು. ಆಯಿಲ್ ಬೋಲ್ಟ್ ಇರುವ ಕಡೆ ಹಲಗೆಯಲ್ಲಿ ತೂತು ಕೊರೆಯುವುದು ಒಳ್ಳೆಯದು. ಮೊದಲ ತಲೆಮಾರಿನ ಕೆಟಿಎಂ ಡ್ಯೂಕ್‌ಗಳಲ್ಲಿ ಸೈಲೆನ್ಸರ್ ಹೊಟ್ಟೆಯ ಕೆಳಗೇ ಇರುತ್ತದೆ, ಅಲ್ಲಿಗೆ ಜ್ಯಾಕ್ ಕೊಡಲೇಬಾರದು. ಅವಕ್ಕೆ ಚಕ್ರದ ಕಡೆಯಿಂದ ಹಿಡಿದು ಗಾಡಿ ಎತ್ತುವ ಪ್ಯಾಡಾಕ್ ಸ್ಟ್ಯಾಂಡೇ ಸರಿ. ಇಂಜಿನ್ ಹೊಟ್ಟೆಗೆ ಹಾಕಿರುವ ಪ್ಲಾಸ್ಟಿಕ್ ಕವರ್ ಮೇಲೆ ಯಾವ ಗಾಡಿಗೂ ಭಾರ ಕೊಡುವಂತಿಲ್ಲ.

ಕೆಲಸದ ದಿನ ತಮ್ಮನನ್ನು ಜೊತೆಗೆ ಕರೆದುಕೊಂಡೆ. ಎತ್ತುವಾಗ, ಇಳಿಸುವಾಗ ಇನ್ನೊಬ್ಬರು ಇರಲೇಬೇಕು. ನಮ್ಮ ಪೋರ್ಟಿಕೊ ನೆಲ ನೀರು ಹರಿಯಲೆಂದು ಗೇಟಿನ ಕಡೆ ಇಳಿಜಾರು. ರಸಮಟ್ಟ ಇಟ್ಟು ನೋಡಿ, ಗೋಡೆ ಪಕ್ಕದ ಮಟ್ಟಸ ಜಾಗಕ್ಕೆ ಗಾಡಿ ತಂದೆವು. ಟೈಲ್ಸ್ ಸಂದಿನಲ್ಲಿ ಜ್ಯಾಕಿನ ಚಕ್ರ ಸಿಕ್ಕದಿರಲಿ ಅಂತ ಕೆಳಗೆ ಪ್ಲೈವುಡ್ ಹಾಸಿದೆವು.

ಈ ಪ್ಲೈವುಡ್ ಯಾಕೆ ಅಂದರೆ, ಫ್ಲೋರ್ ಜ್ಯಾಕಿನ ತಟ್ಟೆ ನೇರವಾಗಿ ಮೇಲೆ ಹೋಗುವುದಿಲ್ಲ. ತೋಳು ಒಂದು ಕೀಲಿನ ಮೇಲೆ ತಿರುಗುವುದರಿಂದ ತಟ್ಟೆ ಕಮಾನಿನಲ್ಲಿ ಏಳುತ್ತದೆ, ಏಳುತ್ತಾ ಹಿಡಿಯ ಕಡೆಗೆ ಸರಿಯುತ್ತದೆ. ಕಾರಿನ ಕೆಳಗೆ ಜ್ಯಾಕ್ ತಾನೇ ಉರುಳಿ ಇದನ್ನು ಸರಿ ಮಾಡಿಕೊಳ್ಳುತ್ತದೆ. ಬೈಕಿನ ಕೆಳಗೂ ಹಾಗೇ ಉರುಳಬೇಕು. ಚಕ್ರ ಎಲ್ಲಾದರೂ ಸಿಕ್ಕಿಕೊಂಡರೆ ಜ್ಯಾಕ್ ನಿಂತಲ್ಲೇ ನಿಂತು ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಜ್ಯಾಕನ್ನು ಪಕ್ಕದಿಂದ ಕೊಡುವುದರಿಂದ, ಆ ಎಳೆತ ಗಾಡಿ ಬೀಳುವ ದಿಕ್ಕಿಗೇ ಇರುತ್ತದೆ ಅಲ್ವಾ? ಅದಕ್ಕೇ ಹುಷಾರು. ಎತ್ತುವುದು ಕಮ್ಮಿ ಇದ್ದಷ್ಟೂ ಈ ಸರಿದಾಟ ಕಮ್ಮಿ.

ಎತ್ತುವ ಮೊದಲೇ ಬಿಗಿ ಇರುವುದನ್ನೆಲ್ಲ ಸಡಿಲ ಮಾಡಿಕೊಂಡೆ: ಹ್ಯಾಂಡಲ್ ನಡುವಿನ ದೊಡ್ಡ ನಟ್, ಫೋರ್ಕ್ ಹಿಡಿದಿರುವ ಕ್ಲಾಂಪ್ ಬೋಲ್ಟುಗಳು, ಮುಂದಿನ ಆಕ್ಸೆಲ್. ಬಿಚ್ಚಲಿಲ್ಲ, ಮೊದಲ ಬಿಗಿ ಮಾತ್ರ ಬಿಡಿಸಿದೆ. ಗಾಡಿ ಜ್ಯಾಕ್ ಮೇಲೆ ಇದ್ದಾಗ ಉದ್ದದ ಸ್ಪ್ಯಾನರ್ ಹಾಕಿ ಜಗ್ಗುವ ಪರಿಸ್ಥಿತಿ ಬರಬಾರದು.

ಹಿಮಾಲಯನ್‌ನಲ್ಲಿ ಇನ್ನೊಂದು ಸಂಗತಿ ಇದೆ. ಮುಂದಿನ ಸಸ್ಪೆನ್ಷನ್ 200 ಎಂಎಂ ಆಡುತ್ತದೆ. ಮೂತಿ ಎತ್ತಿದ ಕೂಡಲೇ ಚಕ್ರ ಏಳುವುದಿಲ್ಲ. ಫೋರ್ಕ್ ಉದ್ದವಾಗುತ್ತಾ ಹೋಗುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ. ಇತ್ತ ಗಾಡಿ ಸೆಂಟರ್ ಸ್ಟ್ಯಾಂಡಿನ ಕಾಲಿನ ಮೇಲೆ ಹಿಂದಕ್ಕೆ ವಾಲಿ ಹಿಂದಿನ ಚಕ್ರ ನೆಲ ಮುಟ್ಟುತ್ತದೆ. ಮುಟ್ಟಿದ ಮೇಲೂ ಎತ್ತುತ್ತಾ ಹೋದರೆ ಸ್ಟ್ಯಾಂಡಿನ ಕಾಲೇ ನೆಲ ಬಿಡುತ್ತದೆ. ಆಗ ಗಾಡಿ ನಿಲ್ಲುವುದು ಒಂದು ಟೈರು ಮತ್ತು ಒಂದು ಜ್ಯಾಕಿನ ಮೇಲೆ. ಆ ಸ್ಥಿತಿಗೆ ಹೋಗಲೇಬಾರದು. ಇದಕ್ಕೆ ಪರಿಹಾರ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕುವಾಗಲೇ ಕಾಲುಗಳ ಕೆಳಗೆ ಒಂದಿಂಚು ದಪ್ಪದ ಉದ್ದ ಹಲಗೆ ಇಟ್ಟೆವು. ಹಿಂದಿನ ಚಕ್ರಕ್ಕೆ ಅಷ್ಟು ಜಾಸ್ತಿ ಅವಕಾಶ ಸಿಕ್ಕಿತು, ಮೂತಿಗೆ ಅದರ ಹೆಚ್ಚುಕಮ್ಮಿ ಎರಡರಷ್ಟು. ಯಾಕೆಂದರೆ ಸ್ಟ್ಯಾಂಡಿನಿಂದ ಮುಂದಿನ ಚಕ್ರ ದೂರ, ಹಿಂದಿನದು ಹತ್ತಿರ.

ಸ್ಟ್ಯಾಂಡ್ ಮಡಚದಂತೆ ಅದರ ಅಡ್ಡಪಟ್ಟಿಗೆ ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ) ಹಾಕಿ ಚಾಸಿಸ್‌ನ ಮುಂದಿನ ಪೈಪಿಗೆ ಎಳೆದು ಕಟ್ಟಿದೆ. ಗಾಡಿ ಮುಂದಕ್ಕೆ ಸರಿದರೂ ಸ್ಟ್ಯಾಂಡ್ ಹಿಂದಕ್ಕೆ ಹೋಗುವುದಿಲ್ಲ. ಇಷ್ಟು ಮಾಡದೆ ಯಾರೂ ಸೆಂಟರ್ ಸ್ಟ್ಯಾಂಡ್ ಗಾಡಿಗೆ ಜ್ಯಾಕ್ ಕೊಡಬೇಡಿ.

ಸೈಲೆನ್ಸರ್ ಬಲಗಡೆ ಇರುವುದರಿಂದ ಜ್ಯಾಕನ್ನು ಎಡಗಡೆಯಿಂದ ಒಳಗೆ ತಳ್ಳಿದೆ. ಮರದ ತುಂಡು ಪೈಪುಗಳಿಗೆ ಇನ್ನೇನು ತಾಗಬೇಕು ಅನ್ನುವಾಗ ನಿಲ್ಲಿಸಿ, ಟಾರ್ಚ್ ಹಾಕಿ ಎರಡೂ ತಗ್ಗು ಸರಿಯಾಗಿ ಪೈಪಿನ ಕೆಳಗೆ ಇವೆಯಾ ನೋಡಿದೆ. ತಮ್ಮ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ನಿಂತ. ಅವನ ಕೆಲಸ ಎತ್ತುವುದಲ್ಲ, ವಾಲಿದರೆ ಹೇಳುವುದು. ಆಮೇಲೆ ಹಿಡಿಯನ್ನು ಅರ್ಧರ್ಧ ಒತ್ತುತ್ತಾ ಹೋದೆ. ಪ್ರತಿ ಒತ್ತಿಗೂ ಮರದ ತುಂಡು, ಜ್ಯಾಕಿನ ಚಕ್ರ, ಸ್ಟ್ಯಾಂಡಿನ ಕಾಲು, ಮೂರೂ ಕಡೆ ಕಣ್ಣು. ಫೋರ್ಕ್ ಉದ್ದವಾಗಿ, ಚಕ್ರ ಹಗುರಾಗಿ, ಕೊನೆಗೆ ಟೈರ್ ಕೆಳಗೆ ಎರಡು ಬೆರಳು ತೂರುವಷ್ಟು ಜಾಗ ಬಂತು. 'ಅಣ್ಣಾ, ಹಿಂದೆ ಇನ್ನೂ ಸ್ವಲ್ಪ ಗ್ಯಾಪ್ ಇದೆ' ಅಂದ. ಅಲ್ಲಿಗೆ ನಿಲ್ಲಿಸಿದೆ. ಆ ಗ್ಯಾಪಿಗೆ ತೆಳು ಪ್ಲೈವುಡ್ ಚೂರುಗಳನ್ನು ತುರುಕಿ ಹಿಂದಿನ ಟೈರು ಕೂರುವಂತೆ ಮಾಡಿದೆವು. ಈಗ ಸ್ಟ್ಯಾಂಡಿನ ಎರಡು ಕಾಲು, ಹಿಂದಿನ ಟೈರು, ಮುಂದೆ ಜ್ಯಾಕ್, ನಾಲ್ಕು ಕಡೆ ಆಸರೆ.

ಜ್ಯಾಕ್ ಎತ್ತುವುದಕ್ಕೆ, ಹಿಡಿದುಕೊಂಡಿರುವುದಕ್ಕಲ್ಲ. ಒಳಗಿನ ಎಣ್ಣೆಯನ್ನು ತಡೆದಿರುವುದು ಒಂದು ಸಣ್ಣ ಗುಂಡು ಮತ್ತು ಒಂದೆರಡು ರಬ್ಬರ್ ಸೀಲು. ಗುಂಡಿನ ಕೆಳಗೆ ಒಂದು ಕಸ ಸಿಕ್ಕಿಕೊಂಡರೂ ಜ್ಯಾಕ್ ಗೊತ್ತಾಗದಂತೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಪೈಪುಗಳ ಕೆಳಗೆ, ಜ್ಯಾಕಿನ ಪಕ್ಕದಲ್ಲೇ, ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದೆ. ಆಮೇಲೆ ವಾಲ್ವನ್ನು ಚೂರೇ ಚೂರು ತಿರುಗಿಸಿ ಭಾರ ಆ ಪೇರಿಕೆಯ ಮೇಲೆ ಕೂರುವಂತೆ ಮಾಡಿದೆ. ಜ್ಯಾಕನ್ನು ತೆಗೆಯಲಿಲ್ಲ, ತಾಗಿಸಿಕೊಂಡು ಹಾಗೇ ಬಿಟ್ಟೆ.

ಚಕ್ರ ಗಾಳಿಯಲ್ಲಿ ಇದ್ದಾಗಲೇ ಕೋನ್ ಸೆಟ್ ಪರೀಕ್ಷೆ ಮಾಡಿದೆ. ಒಂದು ಬೆರಳಲ್ಲಿ ಹ್ಯಾಂಡಲ್ ತಿರುಗಿಸಿದರೆ ನಡುವೆ ಕಟಕ್ ಎಂದು ನಿಲ್ಲುತ್ತಿತ್ತು. ಫೋರ್ಕಿನ ಎರಡೂ ಕಾಲು ಹಿಡಿದು ಹಿಂದೆ ಮುಂದೆ ಜಗ್ಗಿದರೆ ಬುಡದಲ್ಲಿ ಆಟ, ಅಂದರೆ ಸಡಿಲದ ಅಲುಗಾಟ. ನೆಲದ ಮೇಲೆ ಇದ್ದಾಗ ಅನುಮಾನವಾಗಿ ಇದ್ದದ್ದು ಇಲ್ಲಿ ಸ್ಪಷ್ಟವಾಯಿತು. ಬಿಚ್ಚಿ ನೋಡಿದಾಗ ಕೆಳಗಿನ ರೇಸಿನಲ್ಲಿ ಬಾಲುಗಳು ಕೂತು ಸಾಲಾಗಿ ಸಣ್ಣ ಗುಳಿ ಬಿದ್ದಿದ್ದವು. ಗ್ರೀಸ್ ಕಂದು ಬಣ್ಣದ ತುಕ್ಕಿನ ನೀರಾಗಿತ್ತು.

ಡಿಸ್ಕ್ ಹಿಡಿಯುವ ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ, ಹೋಸ್ ಮೇಲೆ ಭಾರ ಬೀಳಬಾರದು. ಪ್ಯಾಡುಗಳ ನಡುವೆ ರಟ್ಟಿನ ತುಂಡು. ಚಕ್ರ, ಕೆಳಗಿನ ಮಡ್‌ಗಾರ್ಡ್, ಫೋರ್ಕ್ ಒಂದೊಂದಾಗಿ ಬಂದವು. ಇಲ್ಲಿ ಗಾಡಿಯ ಸಮತೋಲ ಬದಲಾಗುವುದನ್ನು ಗಮನಿಸಬೇಕು. ಮುಂದಿನಿಂದ ಇಷ್ಟು ಭಾರ ಹೋದ ಮೇಲೆ ಗಾಡಿ ಹಿಂದಕ್ಕೆ ತೂಗುತ್ತದೆ, ಮುಂದಿನ ಪೇರಿಕೆ ಸಡಿಲವಾಗುತ್ತದೆ. ಹಿಂದಿನ ಟೈರಿನ ಕೆಳಗೆ ಪ್ಲೈವುಡ್ ಇದ್ದದ್ದರಿಂದ ಗಾಡಿ ಕದಲಲಿಲ್ಲ. ಆದರೂ ಪ್ರತಿ ಭಾಗ ಬಿಚ್ಚಿದ ಮೇಲೆ ಮರದ ತುಂಡನ್ನು ಕೈಯಲ್ಲಿ ಅಲ್ಲಾಡಿಸಿ ನೋಡುತ್ತಿದ್ದೆ. ಸಡಿಲ ಅನ್ನಿಸಿದರೆ ಜ್ಯಾಕನ್ನು ತಾಗುವಷ್ಟು ಮಾತ್ರ ಒತ್ತಬೇಕು, ಮತ್ತೆ ಎತ್ತಲು ಹೋಗಬಾರದು.

ಹಳೇ ರೇಸುಗಳನ್ನು ಎದುರು ಕಡೆಯಿಂದ ಉದ್ದ ಪಂಚ್ ಇಟ್ಟು, ಸುತ್ತ ಸುತ್ತ ಜಾಗ ಬದಲಿಸುತ್ತಾ ಹೊಡೆದು ಇಳಿಸಿದೆ. ಏಟುಗಳು ಸಣ್ಣದಾಗಿ, ಜಾಸ್ತಿ ಸಂಖ್ಯೆಯಲ್ಲಿ. ಹೊಸದಾಗಿ ಹಾಕಿದ್ದು ಟೇಪರ್ ಬೇರಿಂಗ್, ಅದರಲ್ಲಿ ಬಾಲುಗಳ ಬದಲು ಓರೆಯಾಗಿ ಕೂತ ರೋಲರುಗಳು. ಅದರ ರೇಸನ್ನು ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದೆ, ಸ್ವಲ್ಪ ಕುಗ್ಗಿದ್ದರಿಂದ ಸಲೀಸಾಗಿ ಕೂತಿತು. ಹಳೇ ರೇಸನ್ನೇ ಮೇಲಿಟ್ಟು ಹೊಡೆದರೆ ಹೊಸದಕ್ಕೆ ಗಾಯ ಆಗುವುದಿಲ್ಲ. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಮೊಂಡಿನಿಂದ ಗಟ್ಟಿಗೆ ಬದಲಾಗುತ್ತದೆ. ಗ್ರೀಸನ್ನು ಅಂಗೈಯಲ್ಲಿ ಇಟ್ಟುಕೊಂಡು ಬೇರಿಂಗ್ ಅಂಚನ್ನು ಒತ್ತಿ ಒತ್ತಿ, ರೋಲರುಗಳ ನಡುವಿನಿಂದ ಆಚೆ ಬರುವವರೆಗೆ ತುಂಬಿದೆ. ನಟ್ ಬಿಗಿ ಮಾಡಿ, ಹ್ಯಾಂಡಲನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ, ಮತ್ತೆ ಸ್ವಲ್ಪ ಬಿಟ್ಟೆ. ಚಕ್ರ ಫೋರ್ಕ್ ಎಲ್ಲಾ ಹಾಕಿದ ಮೇಲೆ ನೇರ ಇಟ್ಟು ಬೆರಳು ತಾಗಿಸಿದರೆ ಹ್ಯಾಂಡಲ್ ತನ್ನ ಭಾರಕ್ಕೇ ನಿಧಾನವಾಗಿ ಒಂದು ಕಡೆ ಹೋಗಿ ಕೂರಬೇಕು, ಫೋರ್ಕ್ ಜಗ್ಗಿದರೆ ಆಟ ಇರಬಾರದು. ಎರಡೂ ಆಯಿತು.

ಇಳಿಸುವಾಗ ಮೊದಲು ಅರ್ಧ ಒತ್ತು ಎತ್ತಿ ಪೇರಿಕೆ ತೆಗೆದೆ. ಆಮೇಲೆ ಹಿಂದಿನ ಟೈರಿನ ಪ್ಲೈವುಡ್. ತಮ್ಮ ಗ್ರ್ಯಾಬ್ ರೈಲ್ ಹಿಡಿದ, ನಾನು ವಾಲ್ವ್ ತಿರುಗಿಸಿದೆ. ಭಾರ ಕಮ್ಮಿ ಇದ್ದಷ್ಟೂ ಎಣ್ಣೆ ನಿಧಾನ ಹರಿಯುತ್ತದೆ, ಹಾಗಾಗಿ ಬೈಕಿನ ಕೆಳಗೆ ಜ್ಯಾಕ್ ಕಾರಿನಷ್ಟು ಬೇಗ ಕುಸಿಯುವುದಿಲ್ಲ. ಇಳಿಯುತ್ತಲೇ ಇಲ್ಲ ಅನ್ನಿಸಿದಾಗ ವಾಲ್ವ್ ಇನ್ನೂ ತಿರುಗಿಸುವ ಆಸೆ ಆಗುತ್ತದೆ. ಬೇಡ, ಕಾಯಿರಿ. ಟೈರು ನೆಲ ಮುಟ್ಟಿ, ಫೋರ್ಕ್ ಕುಗ್ಗಿ, ಮರದ ತುಂಡು ಪೈಪು ಬಿಟ್ಟ ಮೇಲೆ ಜ್ಯಾಕನ್ನು ಹೊರಗೆ ಎಳೆದೆ. ಕ್ಲಾಂಪ್, ಆಕ್ಸೆಲ್‌ಗಳ ಕೊನೆಯ ಬಿಗಿ ನೆಲದ ಮೇಲೆ ನಿಂತ ಗಾಡಿಗೇ ಕೊಟ್ಟೆ. ಓಡಿಸುವ ಮೊದಲು ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಪ್ಯಾಡು ಡಿಸ್ಕಿನಿಂದ ದೂರ ಇರಬಹುದು, ಮೊದಲ ಒತ್ತಿಗೆ ಬ್ರೇಕ್ ಸಿಗದೆ ಹೋಗಬಹುದು.

ಹೊಸ ಬೇರಿಂಗ್ ಓಡುತ್ತಾ ಕೂತುಕೊಳ್ಳುತ್ತದೆ, ನಟ್ ಸ್ವಲ್ಪ ಸಡಿಲವಾಗುತ್ತದೆ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಮೂತಿ ಎತ್ತಿ ಆಟ ನೋಡಿ, ನಟ್ಟಿಗೆ ಚೂರು ಬಿಗಿ ಕೊಟ್ಟೆ. ಈ ಸಲ ಬ್ಯಾಶ್ ಪ್ಲೇಟ್ ಬಿಚ್ಚಿದ್ದರಿಂದ ಹಿಡಿದು ಜ್ಯಾಕ್ ವಾಪಸ್ ಒಳಗಿಡುವ ತನಕ ಅರ್ಧ ಗಂಟೆಯೂ ಆಗಲಿಲ್ಲ.